ಏಳನೆಯ ಭಾಗದ ತಕರಾರು

ಕೆಲವು ವರ್ಷಗಳ ಹಿಂದೆ ಬಳ್ಳಾರಿಯ ಒಂದು ಹೈಸ್ಕೂಲಿನ ಗಣಿತ ಪ್ರದರ್ಶನಕ್ಕೆ ಮೂವರು ತೀರ್ಪುಗಾರರಲ್ಲಿ ಒಬ್ಬನಾಗಿ ಹೋಗಿದ್ದೆ. ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳು ರಟ್ಟು ಕತ್ತರಿಸಿ ಎತ್ತಿನ ಬಂಡಿಯ ಗಾಲಿ ಮಾಡಿಟ್ಟಿದ್ದಳು. ನಡುವಿನ ಗುಂಬದಿಂದ ಅಂಚಿಗೆ ಹದಿನಾಲ್ಕು ಕಾಲು. ಅಂಚು ಏಳು ತುಂಡಿನದು, ತುಂಡಿಗೆ ಎರಡು ಕಾಲು. ವೃತ್ತವನ್ನು ಏಳು ಸಮಭಾಗ ಮಾಡಿದ್ದು ಹೇಗೆಂದು ಕೇಳಿದೆವು. ಅವಳು ಡಿವೈಡರ್ ತೆಗೆದು, ಒಂದು ಅಂತರ ಹಿಡಿದು, ವೃತ್ತದ ಸುತ್ತ ಏಳು ಹೆಜ್ಜೆ ಇಟ್ಟಳು. ಕೊನೆಯಲ್ಲಿ ಚೂರು ಸಂದಿ ಉಳಿಯಿತು. ಆ ಸಂದಿಯ ಏಳನೆಯ ಒಂದು ಪಾಲನ್ನು ಕಣ್ಣಳತೆಯಲ್ಲಿ ಡಿವೈಡರಿಗೆ ಸೇರಿಸಿ ಮತ್ತೊಮ್ಮೆ ಸುತ್ತಿದಳು. ಯಾರು ಹೇಳಿಕೊಟ್ಟರು ಅಂದರೆ, "ನಮ್ಮ ತಾತ, ಸರ್. ಉಳಿದಿದ್ದು ಏಳು ಮಂದಿಗೂ ಹಂಚಿಬಿಡಬೇಕಂತ."

ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಡ್ರಾಯಿಂಗ್ ಶೀಟಿನ ಮೇಲೆ ಅರ್ಧ ಮೀಟರ್ ವ್ಯಾಸದ ವೃತ್ತ ಬರೆದು, ಅದನ್ನು 'ಸಾಮಾನ್ಯ ವಿಧಾನ'ದಿಂದ ಒಂಬತ್ತು ಭಾಗ ಮಾಡಿದ್ದ. ಅಳತೆಪಟ್ಟಿ, ಕೈವಾರ, ಸಹಾಯಕ ರೇಖೆಗಳು, ಬಿಂದುಗಳಿಗೆಲ್ಲ ಹೆಸರು. ಮೊದಲ ಬಹುಮಾನ ಅವನಿಗೆ. ಹುಡುಗಿಯ ಬಗ್ಗೆ ಜೊತೆಯ ತೀರ್ಪುಗಾರರೊಬ್ಬರು ಹೇಳಿದ್ದು ಒಂದೇ ಮಾತು: "ಇದು ಜಾಮಿಟ್ರಿ ಅಲ್ಲ, ಅಂದಾಜು." ಎರಡಕ್ಕೆ ಒಂದು ಮತದಿಂದ ನಾನು ಸೋತೆ. ಆ ಕೋಣೆಯಲ್ಲಿ ಹೇಳಲು ಬಾಯಿಗೆ ಬಾರದ ವಾದವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಗಣಿತ ಕಲಿಸುವವರು ಬಹುಪಾಲು ನಂಬಿರುವುದು ಅದನ್ನೇ. ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಇವೆರಡರಿಂದ ಸಿಕ್ಕಿದ್ದು ನಿಖರ, ಅದಕ್ಕೆ ಸಾಧನೆ ಉಂಟು. ಬಡಿಗನದು, ಕಲ್ಲುಕುಟಿಗನದು, ದರ್ಜಿಯದು ಕೈಚಳಕ. ಮೆಚ್ಚಬೇಕು, ಆದರೆ ಅದು ರೇಖಾಗಣಿತದ ಮನೆಯೊಳಗೆ ಬರುವಂಥದ್ದಲ್ಲ. ಕೇಳಲು ಸರಿಯೆನಿಸುವ ಈ ನಿಲುವು ಅಳತೆಗೆ ಇಟ್ಟಾಗ ನಿಲ್ಲುವುದಿಲ್ಲ.

ಎಲ್ಲರೂ ಒಪ್ಪುವ ಕಡೆಯಿಂದಲೇ ಶುರುಮಾಡೋಣ. ವೃತ್ತ ಬರೆದ ಕೈವಾರವನ್ನು ಅಗಲಿಸದೆ, ಮಡಚದೆ, ಅದೇ ತ್ರಿಜ್ಯದಲ್ಲಿ ಪರಿಧಿಯ ಮೇಲೆ ನಡೆಸಿದರೆ ಆರನೆಯ ಹೆಜ್ಜೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇದಕ್ಕೆ ಕೈವಾರವೂ ಬೇಕಿಲ್ಲ. ಕಣದ ನಡುವಿನ ಮೇಟಿಗೆ ಹಗ್ಗ ಕಟ್ಟಿ ಸುತ್ತಿದರೆ ವೃತ್ತ, ಅದೇ ಹಗ್ಗವನ್ನು ಅಂಚಿನ ಒಂದು ಗುರುತಿನಿಂದ ಇನ್ನೊಂದಕ್ಕೆ ನೇರ ಬಿಗಿದು ಹಿಡಿಯುತ್ತ ಹೋದರೆ ಆರು ಪಾಲು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜ ರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಉತ್ಖನನ ನಡೆಸಿದಾಗ ನವಶಿಲಾಯುಗದ ದುಂಡನೆಯ ಗುಡಿಸಲುಗಳ ನೆಲಗಟ್ಟು ಸಿಕ್ಕವು. ದುಂಡು ಮನೆಗೆ ಕಂಬ ನೆಡುವವನಿಗೆ ಸುತ್ತನ್ನು ಪಾಲು ಮಾಡುವ ಪ್ರಶ್ನೆ ಎದುರಾಗಿಯೇ ಇರುತ್ತದೆ, ಅವನ ಕೈಯಲ್ಲಿ ಯಾವ ಪುಸ್ತಕವೂ ಇರಲಿಲ್ಲ.

ಆರರಿಂದ ಮೂರು, ಹನ್ನೆರಡು, ಇಪ್ಪತ್ತನಾಲ್ಕು. ವ್ಯಾಸಕ್ಕೆ ಲಂಬ ಎತ್ತಿದರೆ ನಾಲ್ಕು, ಅರ್ಧಿಸುತ್ತ ಹೋದರೆ ಎಂಟು, ಹದಿನಾರು. ಐದಕ್ಕೂ ಹದಿನೈದಕ್ಕೂ ಯೂಕ್ಲಿಡ್ ತನ್ನ ನಾಲ್ಕನೆಯ ಪುಸ್ತಕದಲ್ಲಿ ದಾರಿ ತೋರಿದ್ದಾನೆ. ಆಮೇಲೆ ಎರಡು ಸಾವಿರ ವರ್ಷ ಈ ಸಂಖ್ಯೆಗಳ ಸಾಲು ಬೆಳೆಯಲಿಲ್ಲ. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್ ಹದಿನೇಳು ಭಾಗ ಸಾಧ್ಯವೆಂದು ಕಂಡುಹಿಡಿದ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬ ವ್ಯಾಜ್ಯಕ್ಕೆ 1837ರಲ್ಲಿ ಪಿಯರ್ ವಾಂಟ್ಸೆಲ್ ಪೂರ್ಣ ಸಾಧನೆ ಕೊಟ್ಟು ತೆರೆ ಎಳೆದ. ಏಳು, ಒಂಬತ್ತು, ಹನ್ನೊಂದು, ಹದಿಮೂರು, ಹದಿನಾಲ್ಕು ಇವು ಕೈವಾರ ಮತ್ತು ಪಟ್ಟಿಗೆ ಎಂದಿಗೂ ದಕ್ಕುವುದಿಲ್ಲ.

ಆರು ತುಂಡಿನ ಗಾಲಿಯಲ್ಲಿ ಹನ್ನೆರಡು ಕಾಲು, ಅದಕ್ಕೆ ಹಗ್ಗದ ತುಂಡೇ ಸಾಕು. ಏಳು ತುಂಡು ಬೇಕಾಗುವುದಕ್ಕೆ ಕಾರಣ ಕಟ್ಟಿಗೆಯಲ್ಲಿದೆ. ಅಂಚಿನ ತುಂಡು ಉದ್ದವಾದಷ್ಟೂ ಅದರ ಬಾಗು ಮರದ ಎಳೆಯನ್ನು ಅಡ್ಡ ಕಡಿಯುತ್ತದೆ, ಅಲ್ಲಿಯೇ ಸೀಳು ಬೀಳುತ್ತದೆ. ಒಂದು ತುಂಡು ಹೆಚ್ಚಿಸಿದರೆ ಬಾಗು ಕಡಿಮೆ, ಎಳೆ ಉಳಿಯುತ್ತದೆ. ಎರೆಹೊಲದ ಕೆಸರಿನಲ್ಲಿ ಭತ್ತದ ಚೀಲ ಹೊರುವ ಗಾಲಿಯನ್ನು ಮಾಡುವವನು ವಾಂಟ್ಸೆಲ್ ಬೇಡ ಅಂದನೆಂದು ಏಳನ್ನು ಬಿಡಲಾರ.

ಹಾಗಾದರೆ ಏಳು ಬೇಕಾದವರಿಗೆ ಶಾಲೆ ಏನು ಕೊಡುತ್ತದೆ? ಕೋನಮಾಪಕ. 360ನ್ನು ಏಳರಿಂದ ಭಾಗಿಸಿದರೆ 51.428571 ಎಂದು ಮುಗಿಯದೆ ಓಡುತ್ತದೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿರುವುದು ಇಡೀ ಡಿಗ್ರಿಯ ಗುರುತು. 51 ಹಿಡಿದರೆ ಏಳು ಸಲಕ್ಕೆ 3 ಡಿಗ್ರಿ ಉಳಿಯಿತು. 1.2 ಮೀಟರ್ ವ್ಯಾಸದ ಗಾಲಿಯ ಅಂಚಿನಲ್ಲಿ ಅದು 31 ಮಿಲಿಮೀಟರ್, ಹೆಬ್ಬೆಟ್ಟು ತೂರುವಷ್ಟು. ಇನ್ನೂ ಒಂದು ವಿಷಯವಿದೆ, ನಾನು ಕೇಳಿದ ಯಾವ ಮೇಷ್ಟರೂ ಇದನ್ನು ತರಗತಿಯಲ್ಲಿ ಹೇಳಿಲ್ಲ. ಕೈವಾರ ಮತ್ತು ಪಟ್ಟಿಯಿಂದ 3 ಡಿಗ್ರಿ ಕೋನ ರಚಿಸಬಹುದು: 72ರಲ್ಲಿ 60 ಕಳೆದರೆ 12, ಅದರ ಅರ್ಧ 6, ಅದರ ಅರ್ಧ 3. ಆದರೆ 1 ಡಿಗ್ರಿ ರಚಿಸಲು ಬರುವುದಿಲ್ಲ. 3ನ್ನು ಮೂರು ಪಾಲು ಮಾಡಬೇಕು, ಆ ಬಾಗಿಲು ವಾಂಟ್ಸೆಲ್ ಮುಚ್ಚಿದ್ದರಲ್ಲೇ ಸೇರಿದೆ. ಅಂದರೆ ನಾವು ನಿಖರತೆಯ ಗುರುತೆಂದು ಮಕ್ಕಳ ಕೈಗೆ ಕೊಡುವ ಕೋನಮಾಪಕವೇ ಆ ನಿಖರತೆಯ ನಿಯಮದಲ್ಲಿ ಹುಟ್ಟಲಾರದ ಕೂಸು. ಅದರ ಮೇಲೆ ಮೂರರ ಮಗ್ಗಿಯಲ್ಲಿ ಬಾರದ ಒಂದೊಂದು ಡಿಗ್ರಿಯ ಗೆರೆಯ ಹಿಂದೆಯೂ ಎಲ್ಲೋ ಯಾರೋ ಮಾಡಿದ ಅಂದಾಜು ಮತ್ತು ತಿದ್ದುಪಡಿ ಇದೆ.

ಇನ್ನು ಹುಡುಗನಿಗೆ ಬಹುಮಾನ ತಂದ 'ಸಾಮಾನ್ಯ ವಿಧಾನ'. ಐಟಿಐ, ಡಿಪ್ಲೊಮಾ ಡ್ರಾಯಿಂಗ್ ತರಗತಿ ದಾಟಿದವರಿಗೆ ಇದು ಗೊತ್ತು. ವ್ಯಾಸವನ್ನು ಬೇಕಾದಷ್ಟು ಸಮಭಾಗ ಮಾಡು, ವ್ಯಾಸದ ಮೇಲೆ ಸಮಬಾಹು ತ್ರಿಭುಜ ಎತ್ತು, ಅದರ ತುದಿಯಿಂದ ಎರಡನೆಯ ಬಿಂದುವಿನ ಮೂಲಕ ಗೆರೆ ಎಳೆ. ಅದು ಆಚೆ ಬದಿಯ ಪರಿಧಿಯನ್ನು ಕಡಿದಲ್ಲಿಗೆ ಮೊದಲ ಭಾಗ ಮುಗಿಯಿತು. ಎಷ್ಟು ಭಾಗಕ್ಕಾದರೂ ಸಲ್ಲುತ್ತದೆ ಎಂಬುದು ಇದರ ಹೆಗ್ಗಳಿಕೆ. ನಾನು ಲೆಕ್ಕ ಹಾಕಿ ನೋಡಿದ್ದೇನೆ, ಓದುಗರೂ ಹಾಕಬಹುದು, ಹತ್ತನೆಯ ತರಗತಿಯ ವರ್ಗ ಸಮೀಕರಣ ಸಾಕು. ಮೂರು, ನಾಲ್ಕು, ಆರಕ್ಕೆ ವಿಧಾನ ನಿಖರ. ಐದಕ್ಕೆ 72 ಡಿಗ್ರಿಯ ಬದಲು 71.95. ಏಳಕ್ಕೆ 51.43ರ ಬದಲು 51.52. ಒಂಬತ್ತಕ್ಕೆ 40ರ ಬದಲು 40.28. ಈ ಕೊನೆಯದನ್ನು ಒಂಬತ್ತು ಸಲ ಇಟ್ಟರೆ 362.5 ಡಿಗ್ರಿ ಆಗುತ್ತದೆ, ವೃತ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಮೊದಲು ಹೇಳಿದ 1.2 ಮೀಟರ್ ಗಾಲಿಯಲ್ಲಿ ಮೀರಿದ್ದು 26 ಮಿಲಿಮೀಟರ್. ಅಂಥ ಗಾಲಿ ತಂದುಕೊಟ್ಟರೆ ಸಿರುಗುಪ್ಪದ ಯಾವ ರೈತನೂ ಕಾಸು ಬಿಚ್ಚುವುದಿಲ್ಲ. ಈ ವಿಧಾನ ಸ್ಥೂಲವಾದದ್ದು ಎಂಬುದು ತಪ್ಪಲ್ಲ, ಸ್ಥೂಲವೆಂದು ಹೇಳದೆ ಕಲಿಸುವುದು ತಪ್ಪು. ಗೆರೆಗಳ ಗಾಂಭೀರ್ಯ ನೋಡಿ ನಾವು ಅದನ್ನು ರೇಖಾಗಣಿತ ಅಂದೆವು, ಹುಡುಗಿಯ ಡಿವೈಡರ್ ನೋಡಿ ಅಂದಾಜು ಅಂದೆವು.

ಈಗ ತಾತನ ವಿಧಾನ. ಮೊದಲ ಹೆಜ್ಜೆಗೆ ಒಂದು ಒಳ್ಳೆಯ ಊಹೆ ಬೇಕು. ವೃತ್ತದೊಳಗೆ ಕೂರುವ ಸಮಬಾಹು ತ್ರಿಭುಜದ ಬಾಹುವಿನ ಅರ್ಧ, ಏಳನೆಯ ಭಾಗದ ಜ್ಯಾಗೆ ಬಲು ಹತ್ತಿರ. ಜರ್ಮನಿಯ ಚಿತ್ರಕಾರ ಡ್ಯೂರರ್ 1525ರಲ್ಲಿ ಅಚ್ಚಾದ ತನ್ನ ಅಳತೆಯ ಪುಸ್ತಕದಲ್ಲಿ ಇದನ್ನು ಕೊಟ್ಟಿದ್ದಾನೆ. ನಮ್ಮ ಗಾಲಿಗೆ ಅದು 519.6 ಮಿಲಿಮೀಟರ್, ನಿಜವಾಗಿ ಬೇಕಾದದ್ದು 520.7. ಏಳು ಹೆಜ್ಜೆ ಇಟ್ಟಾಗ ಅಂಚಿನಲ್ಲಿ ಸುಮಾರು 8 ಮಿಲಿಮೀಟರ್ ಸಂದಿ ಉಳಿಯುತ್ತದೆ. ಇದರ ಏಳನೆಯ ಪಾಲು 1 ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣು ಅದನ್ನು 1 ಎಂದೇ ಹಿಡಿಯಲಿ. ಡಿವೈಡರನ್ನು ಅಷ್ಟು ಅಗಲಿಸಿ ಮತ್ತೆ ಸುತ್ತಿದರೆ ಉಳಿಯುವ ಸಂದಿ ಅರ್ಧ ಮಿಲಿಮೀಟರಿಗೂ ಕಡಿಮೆ. ಇನ್ನೊಂದು ಸುತ್ತಿಗೆ ಅದು ಪೆನ್ಸಿಲ್ ಗೆರೆಯ ದಪ್ಪದೊಳಗೆ ಮಾಯ.

ಇದನ್ನು ಅಂದಾಜು ಎನ್ನುವವರು ಒಂದನ್ನು ಗಮನಿಸಿಲ್ಲ. ಅಂದಾಜು ಇರುವುದು ಮೊದಲ ಹೆಜ್ಜೆಯಲ್ಲಿ ಮಾತ್ರ, ಆಮೇಲಿನದ್ದೆಲ್ಲ ತಿದ್ದುಪಡಿ. ಪ್ರತಿ ಸುತ್ತಿನಲ್ಲೂ ತಪ್ಪು ಎಷ್ಟೆಂದು ವೃತ್ತವೇ ತೋರಿಸುತ್ತದೆ, ಆ ತಪ್ಪನ್ನು ಏಳಕ್ಕೂ ಹಂಚಿದಾಗ ಅದು ಕುಗ್ಗುತ್ತದೆ, ಮತ್ತೆ ಮಾಡಿದರೆ ಮತ್ತೂ ಕುಗ್ಗುತ್ತದೆ. ವರ್ಗಮೂಲ ತೆಗೆಯುವ ಒಂದು ಹೆಸರಾದ ವಿಧಾನದಲ್ಲಿ ನಡೆಯುವುದೂ ಇಂಥದ್ದೇ, ಹತ್ತಿರದ ಒಂದು ಸಂಖ್ಯೆ ಹಿಡಿದು ತಿದ್ದುತ್ತ ಹೋಗುವುದು. ಅದನ್ನು ನಾವು ಇಂಜಿನಿಯರಿಂಗ್ ಕಾಲೇಜಿನಲ್ಲಿ 'ಪುನರಾವರ್ತನ ವಿಧಾನ' ಎಂಬ ಹೆಸರಿಟ್ಟು, ಫೀಸು ತೆಗೆದುಕೊಂಡು ಕಲಿಸುತ್ತೇವೆ. 'ಸಾಮಾನ್ಯ ವಿಧಾನ'ಕ್ಕೆ ಈ ಗುಣವಿಲ್ಲ. ಅದನ್ನು ನೂರು ಸಲ ಮಾಡಿದರೂ 26 ಮಿಲಿಮೀಟರ್ ಕದಲುವುದಿಲ್ಲ.

'ಅಸಾಧ್ಯ' ಎಂಬ ಪದವನ್ನೂ ಸ್ವಲ್ಪ ಕೆದಕಬೇಕು. ಗಾಲಿಯ ಸುತ್ತ ಒಂದು ದಾರ ಸುತ್ತಿ, ಕೂಡುವಲ್ಲಿ ಕತ್ತರಿಸಿ, ನೆಲದ ಮೇಲೆ ನೇರ ಹಾಸಿ. ನೇರ ಗೆರೆಯನ್ನು ಏಳಲ್ಲ, ನೂರಾಒಂದು ಸಮಭಾಗ ಮಾಡುವುದಕ್ಕೂ ಕೈವಾರ ಮತ್ತು ಪಟ್ಟಿ ಸಾಕು: ಒಂದು ಓರೆ ಗೆರೆ ಎಳೆದು, ಅದರ ಮೇಲೆ ಒಂದೇ ಅಂತರದ ಏಳು ಹೆಜ್ಜೆ ಇಟ್ಟು, ಸಮಾಂತರ ರೇಖೆಗಳನ್ನು ಎಳೆದರೆ ಮುಗಿಯಿತು. ಹತ್ತನೆಯ ತರಗತಿಯ ಥೇಲ್ಸ್ ಪ್ರಮೇಯ ಓದಿದವರಿಗೆ ಇದು ಹೊಸದಲ್ಲ. ಗುರುತು ಹಾಕಿದ ದಾರವನ್ನು ಮತ್ತೆ ಗಾಲಿಗೆ ಸುತ್ತಿದರೆ ಏಳು ಭಾಗ ಸಿದ್ಧ. ಕಬ್ಬಿಣದ ಹಳಿ ಕಾಯಿಸಿ ತೊಡಿಸುವ ಕಮ್ಮಾರ ಗಾಲಿಯ ಸುತ್ತಳತೆ ತೆಗೆಯದೆ ಕುಲುಮೆಗೆ ಇದ್ದಿಲು ಹಾಕುವುದಿಲ್ಲ. ಅವನ ಕಸುಬಿನಲ್ಲಿ ಬಾಗಿದ ಉದ್ದ ನೇರವಾಗುವುದು ದಿನದ ಮಾತು. ವಾಂಟ್ಸೆಲ್ ಸಾಧಿಸಿದ್ದು ಎರಡು ಉಪಕರಣಗಳ ಮಿತಿಯನ್ನು. ನಾವು ಅದನ್ನು ಮಕ್ಕಳಿಗೆ "ವೃತ್ತವನ್ನು ಏಳು ಭಾಗ ಮಾಡಲು ಆಗುವುದಿಲ್ಲ" ಎಂದು ಹೇಳಿದಾಗ, ಆಟದ ನಿಯಮ ಒಂದನ್ನು ಲೋಕದ ನಿಯಮ ಮಾಡಿಬಿಟ್ಟಂತಾಯಿತು.

ಇದರ ಎದುರು ತುದಿಯಲ್ಲಿ ಇನ್ನೊಂದು ಜನಪ್ರಿಯ ಅಭಿಪ್ರಾಯ ಇದೆ, ಅದಕ್ಕೂ ನನ್ನ ಒಪ್ಪಿಗೆ ಇಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆಯ ಹೊತ್ತಿಗೆ ಕೇಳಿದ ಭಾಷಣವೊಂದು ನೆನಪಾಗುತ್ತದೆ. ಸಿಂದ ಅರಸರ ಊರು, ಚಾಲುಕ್ಯರ ಕಾಲದ ಗುಡಿಗಳು ಹೆಜ್ಜೆಗೊಂದು. ಭಾಷಣಕಾರರು ಅಲ್ಲಿಂದ ಹಾರಿ ಡಂಬಳದ ದೊಡ್ಡಬಸಪ್ಪ ಗುಡಿಯ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರಾಕಾರದ ಗರ್ಭಗುಡಿಗೆ ಹೋದರು. ಗ್ರೀಕರಿಗೆ ತಿಳಿಯದ್ದು ನಮ್ಮ ಶಿಲ್ಪಿಗಳಿಗೆ ತಿಳಿದಿತ್ತು, ವೃತ್ತವನ್ನು ಬೇಕಾದಂತೆ ಸೀಳುತ್ತಿದ್ದರು ಎಂದರು. ಚಪ್ಪಾಳೆ ಬಿತ್ತು.

ಇಪ್ಪತ್ತನಾಲ್ಕು ಸುಲಭದ ಸಂಖ್ಯೆ. ಆರನ್ನು ಎರಡು ಸಲ ಅರ್ಧಿಸಿದರೆ ಬಂತು. ಡಂಬಳದ ಗುಡಿ ಕಣ್ಣು ತುಂಬುವುದು ಆ ಮೂಲೆಗಳು ಏಳು ಅಂತಸ್ತು ಮೇಲೇರುವಾಗಲೂ ಲಯ ತಪ್ಪದಿರುವುದಕ್ಕೆ. ಪಾದದಲ್ಲಿ ಹಾಕಿದ ವೃತ್ತ ವಿಭಜನೆ ಅಷ್ಟೇನೂ ಗಟ್ಟಿ ಲೆಕ್ಕವಲ್ಲ. ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳಗಳ ಬಂಡೆಶಾಸನಗಳಲ್ಲಿ ಅಶೋಕನ ಹೆಸರೇ ಕೊರೆದಿದೆ. ಅವನ ಸಾರನಾಥ ಸ್ತಂಭದ ಚಕ್ರಕ್ಕೂ ಇಪ್ಪತ್ತನಾಲ್ಕೇ ಅರ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕೆ ಚಕ್ರ ಅಚ್ಚೊತ್ತುವವರಿಗೂ ಅದೇ ಸಂಖ್ಯೆ. ಕೈವಾರಕ್ಕೆ ತಾನಾಗಿ ಒಲಿಯುವ ಸಂಖ್ಯೆ ಎಲ್ಲ ಕಾಲದ ಕುಶಲಕರ್ಮಿಗೂ ಇಷ್ಟ, ಅದರಲ್ಲಿ ಗುಟ್ಟೇನೂ ಇಲ್ಲ.

ನಿಜವಾದ ಪರೀಕ್ಷೆ ಏಳು, ಒಂಬತ್ತರಲ್ಲಿದೆ. ಅಲ್ಲಿ ನಮ್ಮವರು ಮಾಡಿದ್ದೇನು? ಭಾಸ್ಕರಾಚಾರ್ಯ 1150ರಲ್ಲಿ ಬರೆದ 'ಲೀಲಾವತಿ'ಯಲ್ಲಿ ಉತ್ತರ ಇದೆ. (ಅವನು ತನ್ನ ಊರೆಂದು ಹೇಳಿದ ವಿಜ್ಜಡವಿಡ ನಮ್ಮ ವಿಜಯಪುರವೆಂದು ಹೇಳುವವರಿದ್ದಾರೆ, ಮಹಾರಾಷ್ಟ್ರದವರು ಒಪ್ಪುವುದಿಲ್ಲ. ಆ ಜಗಳ ಇಲ್ಲಿ ಬೇಡ.) ವ್ಯಾಸ 1,20,000 ಇದ್ದರೆ ಒಳಗೆ ಕೂರುವ ಮೂರರಿಂದ ಒಂಬತ್ತು ಬಾಹುಗಳ ಆಕೃತಿಗಳ ಬಾಹು ಎಷ್ಟೆಂದು ಅವನು ಕೊಡುತ್ತಾನೆ: 1,03,923, 84,853, 70,534, 60,000, 52,055, 45,922, 41,031. ಇಂದಿನ ಲೆಕ್ಕದೊಂದಿಗೆ ಹೋಲಿಸಿದರೆ ಐದು ಸಂಖ್ಯೆಗಳು ಪೂರ್ಣಾಂಕದವರೆಗೆ ಸರಿ. ಏಳರದ್ದು 52,066 ಆಗಬೇಕಿತ್ತು, ಒಂಬತ್ತರದ್ದು 41,042. ಎರಡೂ ಕಡೆ 11 ಕಡಿಮೆ. ತಪ್ಪಿದ್ದು ಎಲ್ಲಿ ನೋಡಿ: ಕೈವಾರ ಮತ್ತು ಪಟ್ಟಿಗೆ ದಕ್ಕದ ಆ ಎರಡೇ ಸಂಖ್ಯೆಗಳಲ್ಲಿ.

ಭಾಷಣಕಾರರಿಗೆ ಇದು ಹೇಳಬಾರದ ಮುಜುಗರ. ನನಗೆ ಮಾತ್ರ ಇದು ಭಾಸ್ಕರನ ಬಗ್ಗೆ ಗೌರವ ಹೆಚ್ಚಿಸುವ ವಿಷಯ. ಅವನ ಏಳರ ಸಂಖ್ಯೆ ಹಿಡಿದು ನಮ್ಮ ಗಾಲಿ ಮಾಡಿದರೆ ಇಡೀ ಸುತ್ತಿಗೆ ಉಳಿಯುವ ಸಂದಿ 1 ಮಿಲಿಮೀಟರಿಗೂ ಕಡಿಮೆ. ಏಳು ಸಿಕ್ಕುವುದಿಲ್ಲ ಎಂದು ಅವನು ಕೈಕಟ್ಟಿ ಕೂರಲಿಲ್ಲ, ಗುಪ್ತ ವಿದ್ಯೆಯಿಂದ ಸಿಕ್ಕಿತೆಂದೂ ಹೇಳಲಿಲ್ಲ. ಕೆಲಸಕ್ಕೆ ಸಾಲುವಷ್ಟು ಹತ್ತಿರದ ಸಂಖ್ಯೆ ಕೊಟ್ಟು ಮುಂದಿನ ಲೆಕ್ಕಕ್ಕೆ ಹೋದ. ಪೂರ್ವಿಕರನ್ನು ಸರ್ವಜ್ಞರನ್ನಾಗಿ ಮಾಡುವ ಭಾಷಣ ಮತ್ತು ತಾತನನ್ನು ಅಂದಾಜಿಗನನ್ನಾಗಿ ಮಾಡುವ ತೀರ್ಪು ಎರಡೂ ಈ ದುಡಿಮೆಯನ್ನು ನೋಡುವುದಿಲ್ಲ.

ಹೊರಗಿನ ಲೋಕವೂ ನಡೆದದ್ದು ಹೀಗೆಯೇ. ಗ್ರೀನ್‌ವಿಚ್ ವೀಕ್ಷಣಾಲಯಕ್ಕೆ 1725ರಲ್ಲಿ ಜಾರ್ಜ್ ಗ್ರಹಾಂ ಎಂಟು ಅಡಿ ತ್ರಿಜ್ಯದ ಕಾಲುವೃತ್ತ ಯಂತ್ರ ಮಾಡಿಕೊಟ್ಟ. ಅದರಲ್ಲಿ 90 ಡಿಗ್ರಿಯ ಅಳತೆಯ ಜೊತೆಗೆ ಅದೇ ಕಾಲುವೃತ್ತವನ್ನು 96 ಭಾಗ ಮಾಡಿದ ಎರಡನೆಯ ಅಳತೆ ಇಟ್ಟ. 96ನ್ನು ಅರ್ಧಿಸುತ್ತ ಹೋಗಬಹುದು, 90ಕ್ಕೆ ಆ ಭಾಗ್ಯವಿಲ್ಲ. ಒಂದು ಅಳತೆಯಿಂದ ಇನ್ನೊಂದರ ತಪ್ಪು ಹಿಡಿಯುವುದು ಉದ್ದೇಶ. ದಕ್ಷಿಣ ಭಾರತವನ್ನು ಅಳೆದ ಲ್ಯಾಂಬ್ಟನ್‌ನ ಥಿಯೊಡೊಲೈಟಿಗೆ 36 ಇಂಚಿನ ಲೋಹದ ವೃತ್ತವಿತ್ತು. 1808ರಲ್ಲಿ ತಂಜಾವೂರಿನಲ್ಲಿ ಗೋಪುರಕ್ಕೆ ಏರಿಸುವಾಗ ಅದು ಬಡಿದು ನುಗ್ಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ಬೆಣೆ, ತಿರುಪುಗಳಿಂದ ಆ ವೃತ್ತವನ್ನು ತಿದ್ದಿ ಮೊದಲಿನಂತೆ ದುಂಡಗೆ ಮಾಡಿದ, ಸಮೀಕ್ಷೆ ಮುಂದುವರಿಯಿತು. ಅಂಥ ತಿದ್ದಿದ ವೃತ್ತದಿಂದ ಬಂದ ನಕಾಶೆಯನ್ನು ನಾವು ವಿಜ್ಞಾನ ಎನ್ನುತ್ತೇವೆ.

ಅಂದಮಾತ್ರಕ್ಕೆ ಯೂಕ್ಲಿಡನ ನಿಯಮವನ್ನು ಕಸದ ಬುಟ್ಟಿಗೆ ಹಾಕಿ ಎನ್ನುತ್ತಿಲ್ಲ. ತಾತನ ಡಿವೈಡರಿಗೆ ಆರೂ ಏಳೂ ಒಂದೇ. ಏಳು ಬೇರೆ ಜಾತಿಯ ಸಂಖ್ಯೆ ಎಂಬುದು ಸಾವಿರ ಗಾಲಿ ಮಾಡಿದರೂ ಅವನಿಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಸಾಧನೆಯಿಂದ ಮಾತ್ರ, ಆ ಸಾಧನೆಗೆ ಉಪಕರಣಗಳನ್ನು ಕಟ್ಟಿಹಾಕುವ ಕಟ್ಟುನಿಟ್ಟು ಬೇಕೇ ಬೇಕು. ಹಾಗೆ ಕಟ್ಟಿಹಾಕಿದ್ದರಿಂದಲೇ ಗೌಸ್ ಹದಿನೇಳನ್ನು ಕಂಡ. ಆದರೆ ನಿಯಮ ಹುಟ್ಟಿದ್ದು ಪ್ರಶ್ನೆ ಕೇಳುವುದಕ್ಕೆ. ನಾವು ಅದನ್ನು ಹಿಡಿದು ಯಾರು ಒಳಗೆ, ಯಾರು ಹೊರಗೆ ಎಂದು ಪಂಕ್ತಿ ಮಾಡುತ್ತಿದ್ದೇವೆ. 

ಬಂಡಿಗಳಿಗೆ ರಬ್ಬರ್ ಟೈರು ಬಂದ ಮೇಲೆ ಕಟ್ಟಿಗೆಯ ಗಾಲಿ ಮಾಡುವವರು ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಬೆರಳೆಣಿಕೆಗೆ ಇಳಿದಿದ್ದಾರೆ. ಅವರ ಮೊಮ್ಮಕ್ಕಳು ನಿಮ್ಮ ತರಗತಿಗಳಲ್ಲಿ ಕೂತಿದ್ದಾರೆ. ಗಣಿತದ ಮೇಷ್ಟರಲ್ಲಿ ನನ್ನ ವಿನಂತಿ ಇಷ್ಟೇ: ವೃತ್ತ ಭಾಗ ಮಾಡಿ ತಂದ ಮಗುವನ್ನು ಯಾವ ವಿಧಾನ ಎಂದು ಕೇಳುವ ಮೊದಲು, ಸಂದಿ ಎಷ್ಟು ಉಳಿಯಿತು ಎಂದು ಕೇಳಿ. ಆಮೇಲೆ ಎರಡನೆಯ ಸುತ್ತಿಗೆ ಎಷ್ಟಾಯಿತು ಎಂದು ಕೇಳಿ. ಏಳೇಕೆ ಪೂರ್ತಿ ಕೂಡುವುದಿಲ್ಲ ಎಂಬ ಮಾತು ಅಲ್ಲಿಂದ ತೆಗೆಯಿರಿ, ಮಗು ಕೇಳಿಸಿಕೊಳ್ಳುತ್ತದೆ.

ಆ ಪ್ರದರ್ಶನದ ದಿನ ಜನ ಚದುರಿದ ಮೇಲೆ ನಾನು ಎರಡನ್ನೂ ಅಳೆದೆ. ಹುಡುಗಿಯ ಏಳು ಭಾಗಗಳಲ್ಲಿ ವ್ಯತ್ಯಾಸ ನನ್ನ ಪಟ್ಟಿಗೆ ಸಿಗಲಿಲ್ಲ. ಬಹುಮಾನ ಪಡೆದ ಹಾಳೆಯಲ್ಲಿ ಒಂಬತ್ತನೆಯ ಬಾಹು ಉಳಿದ ಎಂಟಕ್ಕಿಂತ ಒಂದು ಸೆಂಟಿಮೀಟರ್ ಗಿಡ್ಡವಾಗಿತ್ತು. ಅಳತೆಪಟ್ಟಿ ಬೆಳಿಗ್ಗೆಯಿಂದ ಆ ಮೇಜಿನ ಮೇಲೆಯೇ ಇತ್ತು.